ಪ್ರತಿ ಕೈಗೊಂದು ರೇಡಿಯೊ

ಅಮೆರಿಕದ ಅಗ್ನಿಶಾಮಕರಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ಸ್ವಯಂಸೇವಕರು. ಹಗಲು ಮೇಷ್ಟ್ರೋ ಮೆಕ್ಯಾನಿಕ್ಕೋ ರೈತರೋ ಆಗಿದ್ದು, ಕರೆ ಬಂದ ಕೂಡಲೇ ಹೆಲ್ಮೆಟ್ ತೊಟ್ಟು ಹೊರಡುವವರು. ಸಣ್ಣ ಊರುಗಳಲ್ಲಿ ಇವರಲ್ಲಿ ಹಲವರ ಸೊಂಟದಲ್ಲಿ ಇರುವುದು ಬರೀ ಪೇಜರ್. ಬಾ ಅಂತ ಕರೆಯುವುದಷ್ಟೇ ಅದರ ಕೆಲಸ. ಹೊಗೆ ತುಂಬಿದ ಮನೆಯೊಳಗೆ ಕಾಲಡಿಯ ನೆಲ ಕುಸಿದರೆ ಅದರಲ್ಲಿ ಕೂಗಿಕೊಳ್ಳಲು ಆಗುವುದಿಲ್ಲ.

ಅಗ್ನಿಶಾಮಕರ ಕೈ ರೇಡಿಯೊದ ನೆತ್ತಿಯ ಮೇಲೆ, ಸಾಮಾನ್ಯವಾಗಿ ಆಂಟೆನಾ ಪಕ್ಕದಲ್ಲೇ, ಒಂದು ಕಿತ್ತಳೆ ಗುಂಡಿ ಇರುತ್ತದೆ. ದಪ್ಪ ಕೈಗವಸಿನಲ್ಲೇ, ಏನೂ ಕಾಣದ ಕತ್ತಲಲ್ಲೂ ತಡಕಿ ಒತ್ತಬಹುದು. ಒತ್ತಿದರೆ, ಅಪಾಯದಲ್ಲಿರುವುದು ಯಾವ ಸೆಟ್ ಎಂದು ಕಂಟ್ರೋಲ್ ರೂಮಿಗೆ ತಕ್ಷಣ ಗೊತ್ತಾಗುತ್ತದೆ.

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್‌ನಲ್ಲಿ ಅಗ್ನಿಶಾಮಕ ದಳದ 343 ಮಂದಿ ಸತ್ತರು. ವರ್ಲ್ಡ್ ಟ್ರೇಡ್ ಸೆಂಟರ್‌ನ ಉತ್ತರ ಗೋಪುರದಿಂದ ಹೊರಬನ್ನಿ ಎಂಬ ಆದೇಶ ರೇಡಿಯೊದಲ್ಲಿ ಹೋಗಿತ್ತು, ಒಳಗಿದ್ದ ಹಲವರಿಗೆ ಅದು ಕೇಳಿಸಲೇ ಇಲ್ಲ. ಮಹಾನಗರದ, ಸಂಬಳದ, ರೇಡಿಯೊ ಇದ್ದ ದಳದ ಗತಿಯೇ ಹೀಗಾದರೆ ಬರಿಗೈಯಲ್ಲಿ ಹೋಗುವವರ ಗತಿ ಏನು?

ಒಳ್ಳೆಯ ಸೆಟ್ ಒಂದಕ್ಕೆ ಹಲವು ಸಾವಿರ ಡಾಲರ್ ಆಗುತ್ತದೆ. ತಿಂಡಿ ಮಾರಿ, ಚೀಟಿ ಎತ್ತಿಸಿ ದುಡ್ಡು ಕೂಡಿಸುವ ದಳಗಳಿಗೆ ಅದು ದೊಡ್ಡ ಹೊರೆ, ಒಪ್ಪುತ್ತೇನೆ. ಆದರೆ ಅದೇ ಕಾರಣಕ್ಕೆ ಅಧಿಕಾರಿಗಳಿಗಷ್ಟೇ ರೇಡಿಯೊ ಕೊಟ್ಟು ಉಳಿದವರನ್ನು ಹಾಗೇ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಬೇಕಾದರೆ ಹೊಸ ಲಾರಿ ಎರಡು ವರ್ಷ ತಡವಾಗಿ ಬರಲಿ. ಬೆಂಕಿಯೊಳಗೆ ಕಾಲಿಡುವ ಪ್ರತಿಯೊಬ್ಬರಿಗೂ ಮೊದಲು ರೇಡಿಯೊ ಸಿಗಬೇಕು, ಜೊತೆಗೆ ಚಾರ್ಜ್ ಆದ ಇನ್ನೊಂದು ಬ್ಯಾಟರಿಯೂ.