ಕಪ್ಪು ಮೋಡಗಳ ರಸಾಯನ

ಬೇಸಿಗೆಯ ನಸುಕಿನಲ್ಲಿ ಪುತ್ತೂರು, ಸುಳ್ಯ, ಕಡಬಗಳ ತೋಟದ ಮನೆಗಳ ಅಂಗಳಕ್ಕೆ ಇಳಿದವರಿಗೆ, ಕಂಗುಗಳ ನೆತ್ತಿಯ ಮೇಲೆ ಆಕಾಶಗಂಗೆ ಕಾಣಿಸುತ್ತದೆ. ಅದರ ನಡುವೆ ಮಸಿ ಬಳಿದಂತೆ ಒಂದು ಕಪ್ಪು ಸೀಳು. ಅಲ್ಲಿ ನಕ್ಷತ್ರಗಳಿಲ್ಲವೆಂದಲ್ಲ, ಅನಿಲ ಮತ್ತು ಧೂಳಿನ ಮೋಡಗಳು ಅವುಗಳ ಬೆಳಕನ್ನು ಮರೆಮಾಡಿವೆ.

ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ್ದ ಶಿವರಾಮ ಕಾರಂತರು ಮಕ್ಕಳಿಗಾಗಿ ರಚಿಸಿದ ‘ಬಾಲಪ್ರಪಂಚ’ ಹೊರಬಂದುದು 1936ರಲ್ಲಿ. ಆಗ ನಕ್ಷತ್ರಗಳ ನಡುವಣ ಬಯಲಿನಲ್ಲಿ ಒಂದು ಅಣುವನ್ನಾದರೂ ಯಾರೂ ಗುರುತಿಸಿರಲಿಲ್ಲ. ಇಂದು ಗುರುತಿಸಲಾದವುಗಳ ಸಂಖ್ಯೆ 300ನ್ನು ಮೀರಿದೆ. ಅವುಗಳಲ್ಲಿ ಹೆಚ್ಚಿನವುಗಳಿಗೆ ಅವು ಕಳುಹಿಸುವ ಕ್ಷೀಣ ರೇಡಿಯೊ ತರಂಗಗಳೇ ಗುರುತು. ಅಂಥ ತರಂಗಗಳನ್ನು ಹಿಡಿಯಲೆಂದೇ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ 10.4 ಮೀಟರ್ ವ್ಯಾಸದ ದೂರದರ್ಶಕವೊಂದನ್ನು ನಿರ್ಮಿಸಲಾಯಿತು.

ಧನುರ್ಮಾಸದ ಚಳಿಗೆ ಹೆಪ್ಪು ಹಾಕಿದ ಹಾಲು ಮೊಸರಾಗಲು ತಡಮಾಡುವುದನ್ನು ಅರಿಯದ ಅಡುಗೆಮನೆಯಿಲ್ಲ. ಹೀಗಿರಲು, ಸೊನ್ನೆಗಿಂತ 263 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೀತದಲ್ಲಿ ಅಣುಗಳು ಹುಟ್ಟುವುದೆಂತು? ದಟ್ಟವೆನಿಸಿದ ಮೋಡದಲ್ಲಿಯೂ ಘನ ಸೆಂಟಿಮೀಟರಿಗೆ ಸುಮಾರು 10,000 ಅಣುಗಳು ಮಾತ್ರ. ಭೂಮಿಯ ಗಾಳಿಯಲ್ಲಿ ಅಷ್ಟೇ ಜಾಗದಲ್ಲಿ ಎರಡೂವರೆ ಲಕ್ಷ ಕೋಟಿ ಕೋಟಿ! ಒಂದು ಅಣು ಇನ್ನೊಂದನ್ನು ಸಂಧಿಸುವುದೇ ಅಪರೂಪ.

1973ರಲ್ಲಿ ಎರಿಕ್ ಹರ್ಬ್‌ಸ್ಟ್ ಮತ್ತು ವಿಲಿಯಂ ಕ್ಲೆಂಪರರ್ ಇದಕ್ಕೆ ಲೆಕ್ಕದ ಮೂಲಕ ಉತ್ತರ ಹುಡುಕಿದರು. ವಿಶ್ವಕಿರಣಗಳು ಮೋಡವನ್ನು ಹೊಕ್ಕು ಜಲಜನಕದ ಅಣುವಿನಿಂದ ಒಂದು ಎಲೆಕ್ಟ್ರಾನನ್ನು ಕಿತ್ತುಹಾಕುತ್ತವೆ. ವಿದ್ಯುದಂಶ ಪಡೆದ ಆ ಅಣು ಮತ್ತೊಂದು ಜಲಜನಕದ ಅಣುವಿಗೆ ತಗಲಿದಾಗ, ಮೂರು ಜಲಜನಕ ಪರಮಾಣುಗಳ ಅಯಾನು ಹುಟ್ಟುತ್ತದೆ. ಅದಕ್ಕೆ ಶಾಖದ ಹಂಗಿಲ್ಲ. ಎದುರಾದ ಅಣುಗಳೊಡನೆ ಬಹುಮಟ್ಟಿಗೆ ಚಳಿಯಲ್ಲಿಯೇ ಕೂಡುತ್ತದೆ. ಈ ಅಯಾನು ನಕ್ಷತ್ರಗಳ ನಡುವೆ ನಿಜವಾಗಿ ಕಂಡುಬಂದುದು 1996ರಲ್ಲಿ. ಲೆಕ್ಕ ಮೊದಲು, ಕಾಣ್ಕೆ ಆಮೇಲೆ.

ಈಗಿನ ಮಾದರಿಗಳಲ್ಲಿ ಸಾವಿರಾರು ರಾಸಾಯನಿಕ ಕ್ರಿಯೆಗಳಿವೆ. ಪ್ರತಿಯೊಂದು ಅಣುವಿಗೂ ಒಂದು ಸಮೀಕರಣ: ಎಷ್ಟು ಹುಟ್ಟಿತು, ಎಷ್ಟು ಅಳಿಯಿತು. ಗಣಕಯಂತ್ರವು ಲಕ್ಷಾಂತರ ವರ್ಷಗಳ ಜಮಾಖರ್ಚನ್ನು ಅಲ್ಪಕಾಲದಲ್ಲಿ ಮುಗಿಸುತ್ತದೆ.

ಆದರೆ ಲೆಕ್ಕ ತಪ್ಪಿದ್ದೂ ಉಂಟು. 1998ರಲ್ಲಿ ಉಡಾಯಿಸಿದ ‘ಸ್ವಾಸ್’ ಉಪಗ್ರಹವು ಮೋಡಗಳಲ್ಲಿ ಆಮ್ಲಜನಕದ ಅಣುವನ್ನು ಅರಸಿತು. ಮಾದರಿಗಳು ಹೇಳಿದಷ್ಟು ಅದು ಅಲ್ಲಿರಲಿಲ್ಲ. ಆಮ್ಲಜನಕದ ಬಹುಪಾಲು ಧೂಳಿನ ಕಣಗಳಿಗೆ ಅಂಟಿ, ಜಲಜನಕದೊಡನೆ ಕೂಡಿ ಮಂಜುಗಡ್ಡೆಯಾಗಿತ್ತೆಂದು ವಿವರಣೆ. ಇಂಥ ಮೋಡಗಳು ಕುಸಿದೇ ಸೂರ್ಯರೂ ಗ್ರಹಗಳೂ ಆಗುವುವು. ಆದುದರಿಂದ ಕುಮಾರಧಾರೆಯ ನೀರಿನಲ್ಲಿಯೂ ಒಂದು ಪಾಲು ಸೂರ್ಯನಿಗಿಂತ ಹಳೆಯದಿರಬಹುದೆಂದು ಕೆಲವು ವಿಜ್ಞಾನಿಗಳ ಅನುಮಾನ. ಧೂಳಿನ ಕಣದ ಮೈಮೇಲೆ ನಡೆಯುವ ಈ ಕ್ರಿಯೆಗಳೇ ಇಂದಿಗೂ ಮಾದರಿಯ ಅತ್ಯಂತ ತೊಡಕಿನ ಭಾಗ.