ಮಣ್ಣಿನ ಬಿಸಿ ನೋಡಿ ಬಿತ್ತಿದ ಹುಲ್ಲು



ಬೀಜ ಮೊಳೆಯಲು ನೀರು, ಗಾಳಿ ಮತ್ತು ತಕ್ಕಷ್ಟು ಉಷ್ಣತೆ ಬೇಕು ಎಂಬ ವಾಕ್ಯವನ್ನು ಮೂವತ್ತನಾಲ್ಕು ವರ್ಷ ಕರಿಹಲಗೆಯ ಮೇಲೆ ಬರೆದವನು ನಾನು. ನಿಮ್ಮಲ್ಲಿ ಅನೇಕರು ಅದನ್ನು ಬಾಯಿಪಾಠ ಮಾಡಿ ಒಪ್ಪಿಸಿದ್ದೀರಿ. ಅದರ ಮೂರನೆಯ ಪದವನ್ನು ಮಾತ್ರ ನಾನು ಸ್ವತಃ ಅರಿತುಕೊಂಡದ್ದು 2023ರಲ್ಲಿ, ಅಮೆರಿಕದ ಓಹಾಯೊ ರಾಜ್ಯದಲ್ಲಿ, ಕೊಲಂಬಸ್ ನಗರದ ಹೊರವಲಯದಲ್ಲಿರುವ ಮಗನ ಮನೆಯ ಹಿತ್ತಲಿನಲ್ಲಿ.

ಅಲ್ಲಿ ಒಂದು ಆಶ್ ಮರವಿತ್ತು. ಏಷ್ಯಾದಿಂದ ಬಂದ ಹಸಿರು ಬಣ್ಣದ ಒಂದು ಕೊರಕ ದುಂಬಿ 2002ರಲ್ಲಿ ಮಿಶಿಗನ್‌ನಲ್ಲಿ ಪತ್ತೆಯಾಗಿ, ಮರುವರ್ಷವೇ ಓಹಾಯೊದಲ್ಲಿಯೂ ಕಾಣಿಸಿಕೊಂಡು, ಆ ಸೀಮೆಯ ಆಶ್ ಮರಗಳನ್ನೆಲ್ಲ ಒಣಗಿಸುತ್ತಾ ಬಂದಿದೆ. ಮಗನ ಮನೆಯ ಮರವೂ ಅದಕ್ಕೆ ಬಲಿಯಾಗಿ, ಹಿಂದಿನ ವರ್ಷ ಅದನ್ನು ಕಡಿಸಿ ಬುಡವನ್ನೂ ಅರೆಸಿದ್ದರು. ಸುತ್ತಲೂ ಹುಲ್ಲುಹಾಸು, ನಡುವೆ ನಾಲ್ಕು ಚಾಪೆಯಗಲದ ಬೋಳು ಮಣ್ಣು. ಬಡಾವಣೆಯವರಿಂದ ಎರಡು ಸಲ ಕಾಗದ ಬಂದಿತ್ತೆಂದು ಸೊಸೆ ಹೇಳಿದಳು. ಹುಲ್ಲು ಬೆಳೆಯಲಿಲ್ಲವೆಂದು ನೋಟೀಸು ಕೊಡುವ ದೇಶವೂ ಉಂಟೇ ಎಂದು ನನಗೆ ನಗು ಬಂತು. ನಮ್ಮ ಕಡೆ ಹುಲ್ಲನ್ನು ಕಿತ್ತು ಕಿತ್ತು ಬೆನ್ನು ಬಾಗಿದವರು ನಾವು.

ಆ ಕೆಲಸವನ್ನು ನಾನೇ ವಹಿಸಿಕೊಂಡೆ. ಜೊತೆಗೆ ಒಂಬತ್ತು ವರ್ಷದ ಮೊಮ್ಮಗಳು. ಏಪ್ರಿಲ್ ಎರಡನೆಯ ವಾರದಲ್ಲಿ ಒಮ್ಮೆಲೇ ನಾಲ್ಕೈದು ದಿನ ಬಿಸಿಲು ಕಾಯಿತು. ಮಧ್ಯಾಹ್ನ 24 ಡಿಗ್ರಿ ಸೆಲ್ಷಿಯಸ್. ಸ್ವೆಟರು ತೆಗೆದಿಟ್ಟೆ. ಮಣ್ಣನ್ನು ಕೆದಕಿ, ಹೆಂಟೆ ಒಡೆದು, ಅಂಗಡಿಯಿಂದ ತಂದ ಮಿಶ್ರಬೀಜವನ್ನು ರಾಗಿ ಎರಚುವಂತೆ ಎರಚಲು ಸಿದ್ಧನಾದೆ. ಆಗ ಬೇಲಿಯಾಚೆಯಿಂದ ನೆರೆಮನೆಯ ಹಿರಿಯರು, ಅಂಚೆ ಇಲಾಖೆಯಿಂದ ನಿವೃತ್ತರಾದವರು, ಇನ್ನೂ ಸ್ವಲ್ಪ ಕಾಯಿರಿ, ನೆಲ ತಣ್ಣಗಿದೆ ಎಂದರು. ನಾನು ವಿನಯದಿಂದ ನಕ್ಕು ಬಿತ್ತಿಬಿಟ್ಟೆ. ವಿಜ್ಞಾನದ ಮೇಷ್ಟರಿಗೆ ಅಂಚೆಯವರು ಬೇಸಾಯ ಹೇಳುವುದೇ ಎಂಬ ಗರ್ವ ಆ ನಗೆಯಲ್ಲಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ದಿನವೂ ಸಂಜೆ ನೀರು ಚಿಮುಕಿಸುವ ಹೊಣೆ ಮೊಮ್ಮಗಳದು. ಒಂದು ವಾರವಾಯಿತು, ಎರಡಾಯಿತು. ಬಿಸಿಲು ಮರೆಯಾಗಿ ಮತ್ತೆ ಚಳಿ ಬಂತು. ಮಳೆ ಬಂದು ಅರ್ಧ ಬೀಜವನ್ನು ಒಂದು ಮೂಲೆಗೆ ತಳ್ಳಿತು. ಉಳಿದುದರಲ್ಲಿ ಗುಬ್ಬಿಗಳು ತಮ್ಮ ಪಾಲು ಪಡೆದವು. ಮೂರನೆಯ ವಾರ ನಾನು ಮಗುವನ್ನು ಕರೆದು, "ದಿನಾ ನೀರು ಹಾಕಿದೆಯೋ, ಮರೆತೆಯೋ?" ಎಂದು ತುಸು ಗಡುಸಾಗಿಯೇ ಕೇಳಿದೆ. ಅವಳ ಕಣ್ಣಲ್ಲಿ ನೀರಾಡಿತು. "ಇಲ್ಲ ತಾತ, ಒಂದು ದಿನಾನೂ ಬಿಟ್ಟಿಲ್ಲ" ಎಂದಳು. ಆ ಉತ್ತರವನ್ನು ನಾನು ಹಿಂದೆ ಎಲ್ಲಿಯೋ ಕೇಳಿದ್ದೆ. ಎಲ್ಲಿ ಎಂಬುದು ಆ ರಾತ್ರಿ ನಿದ್ದೆ ಬಾರದೆ ಹೊರಳುವಾಗ ನೆನಪಾಯಿತು.

ಅದಕ್ಕೆ ಮುನ್ನ ನೆರೆಯವರ ವಿಚಾರ ಹೇಳಿಬಿಡುತ್ತೇನೆ. ಮರುದಿನ ಅವರ ಬಳಿಗೆ ಹೋಗಿ ಸೋತೆನೆಂದು ಒಪ್ಪಿಕೊಂಡೆ. ಅವರು ಒಳಗಿನಿಂದ ಒಂದು ಥರ್ಮಾಮೀಟರ್ ತಂದರು: ಉದ್ದನೆಯ ಉಕ್ಕಿನ ಕಡ್ಡಿ, ಮೇಲೊಂದು ಗಡಿಯಾರದಂಥ ಮುಖ. ಅದನ್ನು ಎರಡು ಅಂಗುಲ ಆಳಕ್ಕೆ ಚುಚ್ಚಬೇಕು, ಬೆಳಗಿನ ಹೊತ್ತು ನೋಡಬೇಕು, ಒಂದು ದಿನದ ಅಂಕಿಯನ್ನು ನಂಬದೆ ನಾಲ್ಕೈದು ದಿನ ಬರೆದಿಟ್ಟುಕೊಳ್ಳಬೇಕು ಎಂದರು. ತಮ್ಮ ಅಂಗಳದಲ್ಲಿ ಅವರು ಹಾಗೆ ಬರೆದಿಟ್ಟ ಪುಸ್ತಕವನ್ನೂ ತೋರಿಸಿದರು. ನಾನು ಬಿತ್ತಿದ ದಿನದ ಅಂಕಿ 46 ಫ್ಯಾರನ್‌ಹೀಟ್. ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ಸುಮಾರು 8 ಡಿಗ್ರಿ ಸೆಲ್ಷಿಯಸ್. ಆ ಸೀಮೆಯ ತಂಪುಕಾಲದ ಹುಲ್ಲುಗಳಾದ ಕೆಂಟಕಿ ಬ್ಲೂಗ್ರಾಸ್, ಟಾಲ್ ಫೆಸ್ಕ್ಯೂ, ರೈಗ್ರಾಸ್‌ಗಳ ಬೀಜ ಚೆನ್ನಾಗಿ ಮೊಳೆಯಲು ಮಣ್ಣು 10ರಿಂದ 18 ಡಿಗ್ರಿಯಾದರೂ ಇರಬೇಕಂತೆ. ದಕ್ಷಿಣದ ಬಿಸಿನಾಡಿನ ಬರ್ಮುಡಾ ಹುಲ್ಲಿಗೆ, ಅಂದರೆ ನಮ್ಮ ಗಣಪತಿಯ ಗರಿಕೆಗೆ, ಇನ್ನೂ ಹೆಚ್ಚು ಬಿಸಿ ಬೇಕು. ಗಾಳಿಯಲ್ಲಿ 24 ಡಿಗ್ರಿ ಇದ್ದರೇನು? ಬೀಜ ಮಲಗಿರುವುದು ಗಾಳಿಯಲ್ಲಲ್ಲವಲ್ಲ!

ತಣ್ಣನೆಯ ಮಣ್ಣು ಬೀಜವನ್ನು ಕೊಲ್ಲುವುದಿಲ್ಲ ಎಂಬುದೂ ಅವರಿಂದಲೇ ತಿಳಿಯಿತು. ಕೆಲವರು ಬೇಕೆಂದೇ ನಡುಚಳಿಗಾಲದಲ್ಲಿ ಬಿತ್ತಿ, ಬೀಜವನ್ನು ವಸಂತದವರೆಗೆ ಮಲಗಿಸುತ್ತಾರೆ. ಬೀಜ ಕಾಯುತ್ತದೆ, ಅಷ್ಟೆ. ಕಾಯುವಷ್ಟು ಕಾಲವೂ ಹಕ್ಕಿಗೆ, ಮಳೆಗೆ, ಕೊಳೆರೋಗಕ್ಕೆ ಸಿಕ್ಕುವ ಅಪಾಯ ಇದ್ದೇ ಇರುತ್ತದೆ.

ನನಗೆ ನಾಚಿಕೆಯಾದದ್ದು ಬೇರೆಯ ಕಾರಣಕ್ಕೆ. ನೆಲಗಾಳಿ, ಕಡಲಗಾಳಿಯ ಪಾಠವನ್ನು ನಿಮಗೆ ಎಷ್ಟು ಉತ್ಸಾಹದಿಂದ ಮಾಡುತ್ತಿದ್ದೆ! ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಒಣಮಣ್ಣಿನ ವಿಶಿಷ್ಟೋಷ್ಣ ನೀರಿನದರ ಐದನೆಯ ಒಂದು ಪಾಲಿನಷ್ಟು. ಹಿಮ ಕರಗಿ ತೊಯ್ದ ಮಣ್ಣೆಂದರೆ ಅರ್ಧ ನೀರೇ. ಅದು ನಾಲ್ಕು ದಿನದ ಬಿಸಿಲಿಗೆ ಹೇಗೆ ಕಾದೀತು? ವಸಂತದಲ್ಲಿ ನೆಲವು ಗಾಳಿಗಿಂತ ಹಿಂದೆ ಬೀಳುತ್ತದೆ. ಬೇಸಗೆ ಮುಗಿಯುವಾಗ ಗಾಳಿ ತಂಪಾದರೂ ನೆಲ ತನ್ನ ಬಿಸಿಯನ್ನು ಬಿಡುವುದಿಲ್ಲ. ಕಡಲಿಗೆ ಅನ್ವಯಿಸಿದ ಸೂತ್ರವನ್ನು ಹಿತ್ತಲಿಗೆ ಅನ್ವಯಿಸಲು ನನಗೆ ತೋಚಿರಲಿಲ್ಲ.

ಥರ್ಮಾಮೀಟರ್ ಇಲ್ಲದವರು ಏನು ಮಾಡುತ್ತಾರೆಂದು ಕೇಳಿದೆ. ಅವರು ತಮ್ಮ ಬೇಲಿಯ ಫೋರ್ಸಿಥಿಯಾ ಗಿಡವನ್ನು ತೋರಿಸಿದರು. ಎಲೆ ಬರುವ ಮೊದಲೇ ಮೈತುಂಬ ಹಳದಿ ಹೂ ಬಿಡುವ ಪೊದೆ ಅದು. ಆ ಹೂ ಅರಳಿ ಉದುರುವ ಹೊತ್ತಿಗೆ ಮಣ್ಣು 13 ಡಿಗ್ರಿಯ ಆಸುಪಾಸಿಗೆ ಬರುತ್ತದೆ, ಆಗ ಕ್ರ್ಯಾಬ್‌ಗ್ರಾಸ್ ಎಂಬ ಕಳೆ ಮೊಳೆಯತೊಡಗುತ್ತದೆ ಎಂಬುದು ಅಲ್ಲಿಯವರ ಲೆಕ್ಕ. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರು ಯಾವ ಗಿಡ ಹೂ ಬಿಡುವಾಗ ಯಾವ ಕೀಟ ಏಳುತ್ತದೆಂಬುದನ್ನು ದಿನದಿನದ ಉಷ್ಣತೆಯನ್ನು ಕೂಡಿಸಿ ಒಂದು ಪಂಚಾಂಗವನ್ನೇ ಮಾಡಿದ್ದಾರೆ. ಹೀಗೆ ಉಷ್ಣತೆಯನ್ನು ಕೂಡಿಸಿ ಬೆಳವಣಿಗೆಯನ್ನು ಅಳೆಯುವ ಆಲೋಚನೆ 1735ರಷ್ಟು ಹಿಂದೆಯೇ ಫ್ರಾನ್ಸಿನ ರೊಮ್ಯೂರ್‌ನಿಗೆ ಹೊಳೆದಿತ್ತು.

ನನಗೆ ನಮ್ಮ ತಂದೆಯವರ ಮಳೆನಕ್ಷತ್ರಗಳು ನೆನಪಾದವು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು, ಹದಿನಾಲ್ಕು ದಿನ ಇರುತ್ತಾನೆ. ಅದಕ್ಕೇ ರೋಹಿಣಿ ಮಳೆ ಪ್ರತಿವರ್ಷ ಮೇ ಕೊನೆಯಲ್ಲೇ ಬರುತ್ತದೆ, ಹಬ್ಬಗಳಂತೆ ಹಿಂದುಮುಂದಾಗುವುದಿಲ್ಲ. ನಮ್ಮಲ್ಲಿ ಮುಂಗಾರಿನ ನೆಲಕ್ಕೆ ಬಿಸಿಯ ಕೊರತೆ ಎಂದೂ ಇಲ್ಲ, ನೀರಿನದೇ ಕೊರತೆ. ಆದ್ದರಿಂದ ಆಕಾಶ ನೋಡಿ, ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹದ ನೋಡಿ ಬಿತ್ತುತ್ತಿದ್ದರು. ನಾನು ಓಹಾಯೊದಲ್ಲಿಯೂ ಹಿಡಿ ಮಣ್ಣನ್ನು ಹಿಸುಕಿಯೇ ನೋಡಿದ್ದೆ. ಹದ ಚೆನ್ನಾಗಿಯೇ ಇತ್ತು!

ಮೇ ತಿಂಗಳಲ್ಲಿ ಅಲ್ಲೊಂದು ಇಲ್ಲೊಂದು ಎಸಳು ಎದ್ದಿತು. ಅದರ ಬೆನ್ನಿಗೇ ಕಳೆ ನುಗ್ಗಿತು. ಕಳೆ ಮೊಳೆಯದಂತೆ ಔಷಧ ಹಾಕೋಣವೆಂದರೆ ಅದು ಹುಲ್ಲಿನ ಬೀಜವನ್ನೂ ಮೊಳೆಯಗೊಡುವುದಿಲ್ಲ. ಜುಲೈ ಹೊತ್ತಿಗೆ ಆ ನಾಲ್ಕು ಚಾಪೆಯಗಲವೂ ಕಳೆಯದೇ ರಾಜ್ಯ. ಕೀಳುತ್ತಾ ಕುಳಿತಾಗ ಗೂಸ್‌ಗ್ರಾಸ್ ಎಂಬ ಇನ್ನೊಂದು ಹುಲ್ಲು ಕೈಗೆ ಬಂತು. ತೆನೆ ನೋಡಿದರೆ ಬಡಕಲು ರಾಗಿಯಂತಿದೆ. ಪುಸ್ತಕ ತೆರೆದರೆ ಹೌದು, ರಾಗಿಯದೇ ಕುಲ, ಎಲ್ಯೂಸಿನ್. ಕಿತ್ತೆಸೆಯಲು ಒಂದು ಕ್ಷಣ ಮನಸ್ಸು ಬರಲಿಲ್ಲ.

ಆಗಸ್ಟ್ ಕೊನೆಯಿಂದ ನಾನೂ ಮೊಮ್ಮಗಳೂ ಬೆಳಗ್ಗೆ ಎದ್ದೊಡನೆ ಕಡ್ಡಿ ಚುಚ್ಚಿ ಅಂಕಿ ಬರೆಯತೊಡಗಿದೆವು. ಅವಳು ಫ್ಯಾರನ್‌ಹೀಟಿನಲ್ಲಿ ಓದುವುದು, ನಾನು ಸೆಲ್ಷಿಯಸ್‌ಗೆ ತಿರುಗಿಸುವುದು. ಸೆಪ್ಟೆಂಬರ್ 8ರಂದು 68, ಎಂದರೆ 20 ಡಿಗ್ರಿ. ರಾತ್ರಿಗಳು ತಂಪಾಗಿದ್ದವು, ಕಳೆಗಳ ಹುರುಪು ಇಳಿದಿತ್ತು. ಇನ್ನು ತಡಮಾಡಿದರೆ ನಾನು ಹೊರಡುವ ದಿನ ಬರುತ್ತದೆಂದು ಬಿತ್ತಿದೆವು. ಆರನೆಯ ದಿನ ರೈಗ್ರಾಸ್ ಎದ್ದಿತು, ಹಸಿರು ಹೊಗೆಯಂತೆ. ಹತ್ತನೆಯ ದಿನಕ್ಕೆ ಫೆಸ್ಕ್ಯೂ. ಬ್ಲೂಗ್ರಾಸ್‌ಗೆ ಎರಡು ವಾರದಿಂದ ನಾಲ್ಕು ವಾರ ಬೇಕು. ಅದನ್ನು ನೋಡದೆಯೇ 28ರಂದು ವಿಮಾನ ಹತ್ತಿದೆ.

ಇನ್ನು ಆ ಉತ್ತರದ ವಿಷಯ. 1987ರ ಡಿಸೆಂಬರ್, ಹಾಸನ ಜಿಲ್ಲೆಯ ಒಂದು ಹಳ್ಳಿ, ಏಳನೆಯ ತರಗತಿ. ತೆಂಗಿನ ಚಿಪ್ಪಿನಲ್ಲಿ ಮಣ್ಣು ತುಂಬಿ ಬೆಂಡೆಯ ಬೀಜ ಹಾಕಿ, ಮೊಳಕೆ ಬಂದ ಮೇಲೆ ತಂದು ತೋರಿಸಲು ಹೇಳಿದ್ದೆ. ಎರಡು ವಾರದ ಮೇಲೆ ಎಲ್ಲರೂ ತಂದರು. ಒಲೆಯ ಮಗ್ಗುಲಲ್ಲಿಯೋ ಬಿಸಿಲು ಬೀಳುವ ಜಗುಲಿಯಲ್ಲಿಯೋ ಇಟ್ಟ ಚಿಪ್ಪುಗಳಲ್ಲಿ ಮೊಳಕೆ ಬಂದಿತ್ತು. ಒಬ್ಬ ಹುಡುಗನದು ಮಾತ್ರ ಬರಿಯ ಮಣ್ಣು. ನೀರು ಹಾಕಿಲ್ಲವೆಂದು ಗದರಿದೆ. "ಒಂದ್ ದಿನಾನೂ ಬಿಟ್ಟಿಲ್ಲ ಸಾ" ಎಂದ. ನೀರು ಕಡಿಮೆಯಾಗಬಾರದೆಂದು ಅವನು ಚಿಪ್ಪನ್ನು ಕುಡಿಯುವ ನೀರಿನ ಹರವಿಯ ಬುಡದಲ್ಲಿ ಇಟ್ಟಿದ್ದನಂತೆ. ನಾನು ನಂಬಲಿಲ್ಲ. ಸೊನ್ನೆ ಹಾಕಿ, ಸುಳ್ಳು ಹೇಳಬಾರದೆಂದು ನೂರು ಸಲ ಬರೆಸಿದೆ. ಜಿನುಗುವ ಮಣ್ಣಿನ ಹರವಿಯ ಬುಡವೆಂದರೆ ಮನೆಯಲ್ಲೆಲ್ಲ ಅತ್ಯಂತ ತಣ್ಣನೆಯ ಜಾಗ. ಅದರಲ್ಲಿಯೂ ಮಾರ್ಗಶಿರದ ಚಳಿ. ಬೆಂಡೆಯೋ ಬಿಸಿಯನ್ನು ಬಯಸುವ ಬೀಜ. 30 ಡಿಗ್ರಿಯಲ್ಲಿ ವಾರಕ್ಕೆ ಮೊಳೆಯುವುದು, 20 ಡಿಗ್ರಿಯಲ್ಲಿ ಎರಡೂವರೆ ವಾರ ಹಿಡಿಯುತ್ತದೆ, 15ರಲ್ಲಿ ನಾಲ್ಕು ವಾರವೇ ಬೇಕು. ಆವಿಯಾಗುವ ನೀರು ತಂಪು ಮಾಡುತ್ತದೆಂಬುದಕ್ಕೆ ಹರವಿಯನ್ನೇ ಉದಾಹರಣೆ ಕೊಟ್ಟು ಪಾಠ ಮಾಡಿದವನೂ ನಾನೇ.

ಊರಿಗೆ ಮರಳಿದ ಮೇಲೆ ಅವನ ಸಹಪಾಠಿಯೊಬ್ಬರಿಂದ ದೂರವಾಣಿ ಸಂಖ್ಯೆ ಪಡೆದು ಕರೆ ಮಾಡಿದೆ. ಈಗ ಬಸ್ಸಿನ ಚಾಲಕನಾಗಿದ್ದಾನೆ, ಮಗಳ ಮದುವೆಯೂ ಆಗಿದೆಯಂತೆ. ನಡೆದುದನ್ನೆಲ್ಲ ಹೇಳಿ, "ಅಂದು ನೀನು ಸುಳ್ಳು ಹೇಳಿರಲಿಲ್ಲ ಕಣಪ್ಪಾ, ತಪ್ಪು ನನ್ನದು" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

"ಅದು ಆಮೇಲೆ ಮೊಳೀತು ಸಾರ್. ಸಂಕ್ರಾಂತಿ ಹತ್ರ ಎರಡೂ ಬೀಜ ಬಂದ್ವು. ಅವ್ವ ಹಿತ್ತಲಲ್ಲಿ ನೆಟ್ಟಿದ್ಲು, ಕಾಯೂ ಬಿಡ್ತು."

"ಮತ್ತೆ ನನಗೆ ತಂದು ತೋರಿಸಬಾರದಾಗಿತ್ತೇನೋ?"

"ನೋಟ್ ಪುಸ್ತಕ ಆಗಲೇ ಕೊಟ್ಟುಬಿಟ್ಟಿದ್ವಲ್ಲ ಸಾರ್" ಎಂದ.