ನಾವು ಯಾವ ಕಡೆ?

ಕಾಲ್ಚೆಂಡಿನ ಹುಚ್ಚು ನಮಗೆ ಹೇಗೆ ಹಿಡಿಯಿತೆಂದು ಕೇಳಿದವರಿಗೆ ನಾವು ಹೇಳುವ ಉತ್ತರ ಒಂದೇ: ನಮ್ಮ ರಾತ್ರಿಶಾಲೆಗೆ ಹೋಗುವ ದಾರಿಯಲ್ಲಿ ಕೂಪರೇಜ್ ಮೈದಾನವಿತ್ತು. ಹಗಲೆಲ್ಲ ಫೋರ್ಟಿನ ಒಂದು ಕ್ಯಾಂಟೀನಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತಿದ್ದ ಕಾಲ ಅದು. ರೋವರ್ಸ್ ಕಪ್ಪಿನ ಪಂದ್ಯಗಳು ಆರಂಭವಾದವೆಂದರೆ ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಸಾಲಾಗಿ ಬೀಳುತ್ತಿತ್ತು. ಮಾಸ್ತರರು ಬೈದರು, ಕಿವಿ ಹಿಂಡಿದರು. ಆಮೇಲೆ ಒಂದು ದಿನ ಅವರೇ ಗ್ಯಾಲರಿಯಲ್ಲಿ ನಮ್ಮ ಪಕ್ಕಕ್ಕೆ ಸಿಕ್ಕಿಬಿದ್ದರು. ಅಂದಿನಿಂದ ಬೈಗುಳ ನಿಂತಿತು. ಕಡಲೆಕಾಯಿಯ ಪೊಟ್ಟಣದಲ್ಲಿ ಪಾಲು ಸಿಕ್ಕತೊಡಗಿತು.

ಆ ಮಾಸ್ತರರಿಂದಲೇ ನಾವು ಕೇಳಿದ ಸಂಗತಿ ಇದು. ರೋವರ್ಸ್ ಕಪ್ ಶುರುವಾದಂದಿನಿಂದ ಬಿಳಿಯರ ಪಲ್ಟಣಗಳೇ ಅದನ್ನು ಹೊತ್ತುಕೊಂಡು ಹೋಗುತ್ತಿದ್ದವಂತೆ. 1937ರಲ್ಲಿ ಅದನ್ನು ಮೊತ್ತಮೊದಲು ಗೆದ್ದ ಭಾರತೀಯ ತಂಡ ಯಾವುದು? ಕಲಕತ್ತೆಯದಲ್ಲ, ಮುಂಬಯಿಯದೂ ಅಲ್ಲ, ಬೆಂಗಳೂರ್ ಮುಸ್ಲಿಮ್ಸ್! ಮರುವರ್ಷ 1938ರಲ್ಲಿಯೂ ಅವರೇ ಗೆದ್ದರು. ಇದನ್ನು ಹೇಳುವಾಗ ಮಾಸ್ತರರ ಎದೆ ಎರಡು ಅಂಗುಲ ಉಬ್ಬುತ್ತಿತ್ತು. ಅವರಾದರೋ ಕುಂದಾಪುರದ ಕಡೆಯವರು. ಬೆಂಗಳೂರನ್ನು ಕಣ್ಣಿಂದ ಕಂಡಿದ್ದರೋ ಇಲ್ಲವೋ. ಆದರೂ ಮುಂಬಯಿಯ ಮೈದಾನದಲ್ಲಿ ಕೂತು 'ನಮ್ಮ ಬೆಂಗಳೂರು' ಎನ್ನುವಾಗ ಅವರ ಮುಖದಲ್ಲಿ ಮೂಡುತ್ತಿದ್ದ ಕಳೆ ನಮಗೆ ಇಂದಿಗೂ ನೆನಪಿದೆ. ರೋಗ ಅಂಟಿದ್ದು ಅಲ್ಲಿಂದಲೇ.

ರೋವರ್ಸ್ ಕಪ್ ಹೊಸ ಶತಮಾನದ ಹೊಸ್ತಿಲಲ್ಲಿ ನಿಂತುಹೋಯಿತು. 2006ರಲ್ಲಿ ರಾಷ್ಟ್ರೀಯ ಲೀಗನ್ನು ಗೆದ್ದಿದ್ದ ಮಹೀಂದ್ರ ಯುನೈಟೆಡ್ 2010ರಲ್ಲಿ ಬಾಗಿಲು ಹಾಕಿತು. ಮುಂಬಯಿ ಎಫ್.ಸಿ. 2017ರವರೆಗೆ ಉಸಿರು ಹಿಡಿದುಕೊಂಡಿತ್ತು. ಹೀಗೆ ಒಂದೊಂದೇ ದೀಪ ಆರುತ್ತಿದ್ದಾಗ 2014ರಲ್ಲಿ ಇಂಡಿಯನ್ ಸೂಪರ್ ಲೀಗಿನ ಜೊತೆಗೆ ಮುಂಬಯಿ ಸಿಟಿ ಎಂಬ ಹೊಸ ತಂಡ ಹುಟ್ಟಿತು. ಸಿನೆಮಾ ನಟ ರಣಬೀರ್ ಕಪೂರರು ಒಡೆಯರಲ್ಲಿ ಒಬ್ಬರೆಂದು ತಿಳಿದಾಗ ನಾವು ಮೂಗು ಮುರಿದೆವು. ನಮ್ಮ ಮನೆಯಾಕೆ ಮಾತ್ರ ಮೊದಲ ಪಂದ್ಯದಿಂದಲೇ ಟಿ.ವಿ. ಎದುರು ಕೂತಳು. ಮಗನಿಗೆ ಆಗ ಒಂಬತ್ತು ವರ್ಷ. ತಿಳಿನೀಲಿ ಅಂಗಿ ಬೇಕೆಂದು ಹಟ ಹಿಡಿದ. ಕೊಡಿಸಿದೆವು. ಅಂಗಿಗೆ ಕೊಟ್ಟ ದುಡ್ಡು ಇಲ್ಲಿ ಬರೆಯುವಂಥದಲ್ಲ.

ಮೊದಲ ಪಂದ್ಯದಲ್ಲಿಯೇ ಕಲಕತ್ತೆಯವರು ಮೂರು ಗೋಲು ಹೊಡೆದರು. ಮುಂದಿನ ಪಂದ್ಯ ನವಿ ಮುಂಬಯಿಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ, ಅಲ್ಲಿ ನಮ್ಮವರು ಪುಣೆಗೆ ಐದು ಹೊಡೆದರು. ಒಂದು ವಾರದೊಳಗೆ ಪಾತಾಳವನ್ನೂ ಸ್ವರ್ಗವನ್ನೂ ತೋರಿಸಿದ ತಂಡವನ್ನು ಬಿಡುವುದು ಹೇಗೆ? 2016ರಲ್ಲಿ ತಂಡ ಅಂಧೇರಿಯ ಮೈದಾನಕ್ಕೆ ಬಂದ ಮೇಲೆ ನಮ್ಮ ದಾರಿಯೂ ಸುಲಭವಾಯಿತು. ಡೊಂಬಿವಲಿಯಿಂದ ಘಾಟ್ಕೋಪರದವರೆಗೆ ಲೋಕಲ್, ಅಲ್ಲಿಂದ ಆಜಾದ್ ನಗರದವರೆಗೆ ಮೆಟ್ರೊ. ಸುಲಭ ಎಂದೆವಲ್ಲ, ಅದು ಹೋಗುವಾಗಿನ ಮಾತು. ಸೋತು ಹಿಂತಿರುಗುವ ರಾತ್ರಿ ಘಾಟ್ಕೋಪರದ ಮೆಟ್ಟಿಲುಗಳು ಎಷ್ಟೆಂದು ಎಣಿಸಿ ನೋಡಿದವರಿಗೇ ಗೊತ್ತು.

ಅಂಧೇರಿಯದು ಚಿಕ್ಕ ಮೈದಾನ. ಏಳೆಂಟು ಸಾವಿರ ಜನ ಕೂತರೆ ತುಂಬಿತು. ಚಿಕ್ಕದಾದದ್ದರಿಂದಲೇ ಚೆನ್ನು. ಆಟಗಾರ ಬೈದದ್ದು ಕೇಳಿಸುತ್ತದೆ. ನಾವು ಬೈದದ್ದು ಅವನಿಗೂ ಕೇಳಿಸುತ್ತದೆ.

ಇನ್ನು ತಂಡದ ಏಳಿಗೆಯ ಮಾತು. 2019ರ ನವೆಂಬರಿನಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿಯ ಒಡೆಯರ ಸಂಸ್ಥೆಯಾದ ಸಿಟಿ ಫುಟ್‌ಬಾಲ್ ಗ್ರೂಪ್ ನಮ್ಮ ತಂಡದ ನೂರಕ್ಕೆ 65 ಪಾಲನ್ನು ಕೊಂಡಿತು. ಮರುವರ್ಷ ಗೋವಾದಿಂದ ತರಬೇತುದಾರ ಲೊಬೇರಾ ಬಂದರು. ಬರುವಾಗ ಬರಿಗೈಯಲ್ಲಿ ಬರಲಿಲ್ಲ. ಬೂಮೂಸ್, ಜಾಹೂ, ಫಾಲ್ ಎಂಬ ಗೋವಾ ತಂಡದ ಕಂಬಗಳನ್ನೇ ಕಿತ್ತು ತಂದರು. ಫಲವೂ ಸಿಕ್ಕಿತು. 2021ರಲ್ಲಿ ಲೀಗಿನ ಶೀಲ್ಡೂ ನಮ್ಮದು, ಕಪ್ಪೂ ನಮ್ಮದು. ಮಾರ್ಚ್ 13ರ ಅಂತಿಮ ಪಂದ್ಯದಲ್ಲಿ ಸಮಯ ಮುಗಿಯುತ್ತಿದ್ದಾಗ ಬಿಪಿನ್ ಸಿಂಗ್ ಗೋಲು ಹೊಡೆದ. ಆದರೆ ಅದು ಕೋವಿಡ್ಡಿನ ವರ್ಷ. ಆಟವೆಲ್ಲ ಗೋವಾದ ಖಾಲಿ ಮೈದಾನಗಳಲ್ಲಿ. ಆರು ವರ್ಷ ಕಾದ ಮುಂಬಯಿಯ ಅಭಿಮಾನಿಯೊಬ್ಬನೂ ಆ ಗೋಲನ್ನು ಎದುರಿಗೆ ನಿಂತು ನೋಡಲಿಲ್ಲ. ಮಗ ಬಾಲ್ಕನಿಗೆ ಓಡಿ ತಾಟು ಬಡಿದ. ಕೆಳಗಿನ ಮನೆಯ ಅಜ್ಜಿ ಸರಕಾರದ ಹೊಸ ಅಪ್ಪಣೆಯೇನೋ ಬಂದಿರಬೇಕೆಂದು ತಾನೂ ಒಂದು ತಟ್ಟೆ ತಂದು ಬಡಿದಳು.

ನಮ್ಮ ಮೊದಲ ತಕರಾರು ಇಲ್ಲಿಂದಲೇ. ಗೆದ್ದ ತಂಡವನ್ನು ಬಿಚ್ಚಿಹಾಕುವುದು ಯಾವ ಶಾಸ್ತ್ರ? ಆ ಬೇಸಗೆಯಲ್ಲಿ ಗೋಲಿ ಅಮರಿಂದರನೂ ಬೂಮೂಸನೂ ಸೋತ ಕಲಕತ್ತೆಯ ತಂಡಕ್ಕೇ ಹೋದರು. ಮುಂದೆ ಓಡುವ ಒಗ್ಬೆಚೆ ಹೈದರಾಬಾದಿಗೆ ಹೋದ. ಕೊನೆಗೆ ಲೊಬೇರಾರೂ ಹೊರಟರು. ಮುಂದಿನ ವರ್ಷ ನಮ್ಮವರು ಐದನೆಯ ಸ್ಥಾನದಲ್ಲಿ ಕೂತು ಉಳಿದವರ ಆಟ ನೋಡಿದರು. ಒಗ್ಬೆಚೆ ಇದ್ದ ಹೈದರಾಬಾದ್ ಕಪ್ಪನ್ನು ಎತ್ತಿತು. ಒಕ್ಕಲಿಗನು ಒಳ್ಳೆಯ ಜೋಡೆತ್ತನ್ನು ಫಸಲು ಬಂದ ಮರುದಿನ ಸಂತೆಗೆ ಹೊಡೆಯುವುದುಂಟೆ?

ಹೀಗೆ ಬೈದುಕೊಂಡಿದ್ದ ನಾವೇ 2022ರ ಏಪ್ರಿಲಿನಲ್ಲಿ ಬಾಯಿ ಮುಚ್ಚಬೇಕಾಯಿತು. ಏಷ್ಯದ ಚಾಂಪಿಯನ್ಸ್ ಲೀಗಿನಲ್ಲಿ ಡೆಸ್ ಬಕಿಂಗ್‌ಹ್ಯಾಮರ ಕೈಕೆಳಗೆ ನಮ್ಮ ಹುಡುಗರು ಇರಾಕಿನ ತಂಡವೊಂದನ್ನು 2-1ರಿಂದ ಸೋಲಿಸಿದರು. ಆ ಮಟ್ಟದಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ತಂಡ ನಮ್ಮದು. 1937ರ ಮಾತು ಹೇಳುತ್ತಿದ್ದ ಮಾಸ್ತರರು ಇರಬೇಕಿತ್ತು ಎನ್ನಿಸಿತು.

ಇಷ್ಟು ಓದಿದವರು ನಮ್ಮನ್ನು ಮುಂಬಯಿಯ ಶುದ್ಧ ಭಕ್ತರೆಂದು ತಿಳಿದಿರಬಹುದು. ಅಲ್ಲ. 2013ರಲ್ಲಿ ಬೆಂಗಳೂರು ಎಫ್.ಸಿ. ಹುಟ್ಟಿ ಮೊದಲ ವರ್ಷವೇ ಐ-ಲೀಗ್ ಗೆದ್ದಾಗ ನಾವು ಮನೆಯಲ್ಲಿ ಪಾಯಸ ಮಾಡಿಸಿದವರು. ಆ ತಂಡ 2017ರಲ್ಲಿ ಸೂಪರ್ ಲೀಗಿಗೆ ಬಂದ ಮೇಲೆ ನಮ್ಮ ಮನೆಯ ಶಾಂತಿ ವರ್ಷಕ್ಕೆ ಎರಡು ಸಲ ಕೆಡತೊಡಗಿತು. ಮಗ ತಿಳಿನೀಲಿ, ನಾವು ಕಡುನೀಲಿ. "ಬೆಂಗಳೂರನ್ನು ನೀವು ನೋಡಿದ್ದೇ ಎರಡು ಸಲ, ಅದೂ ಬಸ್ಸು ಬದಲಾಯಿಸಲಿಕ್ಕೆ" ಎಂಬುದು ಮನೆಯಾಕೆಯ ಚುಚ್ಚುಮಾತು. ನಿಜವೇ. ಆದರೆ ನಾಡೆಂಬುದು ರೈಲ್ವೆ ಪಾಸಿನ ಮೇಲೆ ಬರೆದಿರುವುದಿಲ್ಲವಷ್ಟೆ.

2022-23 ನಮ್ಮ ಪಾಲಿಗೆ ಪರೀಕ್ಷೆಯ ವರ್ಷ. ಸೆಪ್ಟೆಂಬರಿನಲ್ಲಿ ಕಲಕತ್ತೆಯಲ್ಲಿ ಡ್ಯುರಾಂಡ್ ಕಪ್ಪಿನ ಅಂತಿಮ ಪಂದ್ಯ. ಬೆಂಗಳೂರು ಮುಂಬಯಿಯನ್ನು 2-1ರಿಂದ ಸೋಲಿಸಿತು. ನವೆಂಬರಿನಲ್ಲಿ ಅಂಧೇರಿಯಲ್ಲಿ ಮುಂಬಯಿ ನಾಲ್ಕು ಗೋಲು ಹೊಡೆದು ಸೇಡು ತೀರಿಸಿಕೊಂಡಿತು. ಆಮೇಲೆ ಮುಂಬಯಿ ಹದಿನೆಂಟು ಪಂದ್ಯಗಳವರೆಗೆ ಸೋಲನ್ನೇ ಕಾಣದೆ ಶೀಲ್ಡನ್ನು ಗೆದ್ದುಕೊಂಡಿತು; ಆ ಓಟವನ್ನು ಫೆಬ್ರವರಿಯಲ್ಲಿ ಮುರಿದವರೂ ಬೆಂಗಳೂರಿನವರೇ. ಮಾರ್ಚಿನಲ್ಲಿ ಉಪಾಂತ್ಯ ಪಂದ್ಯ, ಎದುರಾಳಿ ಮತ್ತೆ ಬೆಂಗಳೂರು! 7ನೆಯ ತಾರೀಖು ಅಂಧೇರಿಯಲ್ಲಿ ಸುನಿಲ್ ಛೇಟ್ರಿ ಹೊಡೆದ ಒಂದೇ ಗೋಲಿನಿಂದ ಮುಂಬಯಿ ಸೋತಿತು. ಈ ಛೇಟ್ರಿಯೂ 2015, 2016ರಲ್ಲಿ ನಮ್ಮ ತಿಳಿನೀಲಿ ಅಂಗಿ ತೊಟ್ಟು ಆಡಿದವನೇ. ನಮ್ಮ ಮಗ ಹಾಕುತ್ತಿದ್ದ ಒಂದು ಅಂಗಿಯ ಬೆನ್ನ ಮೇಲೆ ಅವನ ಹೆಸರೇ ಇತ್ತು.

12ನೆಯ ತಾರೀಖು ಕಂಠೀರವದಲ್ಲಿ ಮರುಪಂದ್ಯ. ಮನೆಯಲ್ಲಿ ಊಟ ಯಾರಿಗೂ ಬೇಡ. ಮುಂಬಯಿ 2-1ರಿಂದ ಗೆದ್ದು ಲೆಕ್ಕ ಸರಿಸಮವಾಯಿತು. ಪೆನಲ್ಟಿ ಒದೆತಗಳು ಬಂದವು. ಒಂದೊಂದು ಕಡೆ ಐದಕ್ಕೆ ಮುಗಿಯಲಿಲ್ಲ. ಆರು, ಏಳು, ಎಂಟು. ಮಗ ಕಣ್ಣು ಮುಚ್ಚಿಕೊಂಡು ಕುರ್ಚಿಯ ಹಿಂದೆ ನಿಂತಿದ್ದ. ಒಮ್ಮೆ ತಿರುಗಿ, "ಅಪ್ಪಯ್ಯ, ನಿಜ ಹೇಳಿ, ಈಗ ನೀವು ಯಾವ ಕಡೆ?" ಎಂದು ಕೇಳಿದ. ಅವನ ದನಿಯಲ್ಲಿ ತಮಾಷೆಯಿರಲಿಲ್ಲ. ನಾವು ಉತ್ತರ ಕೊಡುವುದರೊಳಗೆ ಮುಂಬಯಿಯ ಮೆಹ್ತಾಬ್ ಸಿಂಗನ ಒದೆತವನ್ನು ಗುರುಪ್ರೀತ್ ತಡೆದ. ಸಂದೇಶ್ ಝಿಂಗನ್ ಬಂದು ಗೋಲು ಹೊಡೆದ. ಬೆಂಗಳೂರು 9-8ರಿಂದ ಗೆದ್ದಿತು. ಅದೇ ಮೆಹ್ತಾಬ್ ದ್ವಿತೀಯಾರ್ಧದಲ್ಲಿ ಮುಂಬಯಿಯ ಎರಡನೆಯ ಗೋಲು ಹೊಡೆದು ತಂಡವನ್ನು ಉಳಿಸಿದ್ದವನು. ಅವನು ತಲೆ ತಗ್ಗಿಸಿ ನಿಂತದ್ದನ್ನು ಕಂಡಾಗ ನಮ್ಮ ಗಂಟಲು ಕಟ್ಟಿತು. ಗೆದ್ದ ಕಡೆಯವರಿಗೆ ಗಂಟಲು ಕಟ್ಟುವುದಿಲ್ಲ. ಉತ್ತರ ನಮಗಂತೂ ಸಿಕ್ಕಿತು. ಮಗ ಅಷ್ಟು ಹೊತ್ತಿಗೆ ಕೋಣೆಯ ಬಾಗಿಲು ಹಾಕಿಕೊಂಡಿದ್ದ.

ಆಟಗಾರರ ಆಯ್ಕೆಯ ವಿಷಯದಲ್ಲಿ ನಮ್ಮ ದೊಡ್ಡ ದೂರು ಬೇರೆಯೇ ಇದೆ. ಮುಂಬಯಿಯ ತಂಡದಲ್ಲಿ ಮುಂಬಯಿಯ ಹುಡುಗರೆಲ್ಲಿ? ಮಿಜೋರಾಮಿನ ಛಾಂಗ್ಟೆ, ಮಣಿಪುರದ ಬಿಪಿನ್, ಸಿಕ್ಕಿಮಿನ ಲಾಚೆನ್ಪ ನಮ್ಮವರಲ್ಲವೆಂದು ನಾವು ಹೇಳುವುದಿಲ್ಲ. ಹೊಟ್ಟೆಪಾಡಿಗೆ ಹೊರಗಿನಿಂದ ಬಂದು ಮುಂಬಯಿಯವರಾದ ನಾವೇ ಹಾಗೆ ಹೇಳಿದರೆ ನಾಲಿಗೆ ಬಿದ್ದುಹೋದೀತು. ಆದರೆ ಇಷ್ಟು ದೊಡ್ಡ ಊರಿನ ಗಲ್ಲಿಗಳಲ್ಲಿ, ಮಳೆಗಾಲದ ಕೆಸರಿನಲ್ಲಿ ಆಡುವ ಹುಡುಗರಿಗೆ ಒಂದು ಏಣಿ ಬೇಡವೆ? ರಾಹುಲ್ ಭೇಕೆಯನ್ನು ನೋಡಿರಿ. ಹುಟ್ಟಿದ್ದು ಮುಂಬಯಿಯಲ್ಲಿ. ಹೆಸರು ಬಂದದ್ದು ಬೆಂಗಳೂರಿಗೆ ಹೋದ ಮೇಲೆ. 2019ರ ಮಾರ್ಚಿನಲ್ಲಿ ಇದೇ ಅಂಧೇರಿಯ ಮೈದಾನದಲ್ಲಿ ಗೋವಾದ ವಿರುದ್ಧ ತಲೆಯಿಂದ ಗೋಲು ಹೊಡೆದು ಬೆಂಗಳೂರಿಗೆ ಮೊದಲ ಸಲ ಸೂಪರ್ ಲೀಗಿನ ಕಪ್ ಗೆದ್ದುಕೊಟ್ಟವನು ಅವನೇ. 2021ರಲ್ಲಿ ಮುಂಬಯಿ ಅವನನ್ನು ಮನೆಗೆ ಕರೆತಂದಿತು. 2024ರ ಮೇ 4ರಂದು ಕಲಕತ್ತೆಯಲ್ಲಿ ಮೋಹನ್ ಬಾಗಾನನ್ನು 3-1ರಿಂದ ಸೋಲಿಸಿದಾಗ ನಾಯಕನಾಗಿ ಕಪ್ ಎತ್ತಿ ಹಿಡಿದವನೂ ಅವನೇ. ಊರ ಹುಡುಗ ಊರಿಗೆ ಕಪ್ ತಂದ, ಇನ್ನೇನು ಬೇಕು? ಅದೇ ಬೇಸಗೆಯಲ್ಲಿ ಅವನು ಬೆಂಗಳೂರಿಗೆ ಮರಳಿದ. ಆ ಪಂದ್ಯದಲ್ಲಿ ಗೋಲು ಹೊಡೆದ ಪೆರೇರಾ ದಿಯಾಸನೂ ಅಲ್ಲಿಗೇ ಹೋದ. ನಡುವಿನ ಆಟವನ್ನು ಹಿಡಿದಿಟ್ಟಿದ್ದ ಅಪುಯಾ ಸೋತ ಮೋಹನ್ ಬಾಗಾನಿಗೆ ಹೋದ. ಮತ್ತೆ ಅದೇ ಸಂತೆ, ಅದೇ ಜೋಡೆತ್ತು.

ನಿಖಿಲ್ ಪೂಜಾರಿಯ ಮಾತೂ ಇಲ್ಲಿ ಹೇಳಬೇಕು. ಆ ಹೆಸರಿನ ಬಗ್ಗೆ ನಮ್ಮ ಓದುಗರಿಗೆ ವಿವರಿಸಬೇಕಿಲ್ಲ. ಅವನೂ ಮುಂಬಯಿಯಲ್ಲಿ ಹುಟ್ಟಿದವನು. ಆಡಿದ್ದು ಕಲಕತ್ತೆಯ ಈಸ್ಟ್ ಬೆಂಗಾಲಿಗೆ, ಹೈದರಾಬಾದಿಗೆ, 2024ರಿಂದ ಬೆಂಗಳೂರಿಗೆ.

ನಮ್ಮ ಮಗನೂ ಬಲಬದಿಯ ಬ್ಯಾಕ್. ಹದಿನೈದರ ಪ್ರಾಯದಲ್ಲಿ ಒಂದು ಆಯ್ಕೆಗೆ ಕರೆದೊಯ್ದಿದ್ದೆವು; ಯಾರು ನಡೆಸಿದ್ದೆಂದು ಬರೆಯುವುದಿಲ್ಲ. ಬೆಳಗಿನ ಐದು ಗಂಟೆಯ ಲೋಕಲ್ ಹಿಡಿದು ಹೋದರೆ ಮುನ್ನೂರು ಹುಡುಗರ ಸಾಲು. ಹತ್ತು ನಿಮಿಷದ ಆಟ. ಅದರಲ್ಲಿ ಅವನನ್ನು ಎಡಬದಿಗೆ ನಿಲ್ಲಿಸಿದರು. ಚೆಂಡು ಅವನ ಕಾಲಿಗೆ ಬಂದದ್ದು ಎರಡು ಸಲ. ಅಷ್ಟರಲ್ಲಿ ಶಿಳ್ಳೆ. ಹಿಂತಿರುಗುವಾಗ ಅವನು ಕಿಟಕಿಯ ಹೊರಗೆ ನೋಡುತ್ತ, "ಎರಡನೆಯದನ್ನು ಚೆನ್ನಾಗಿ ಒದ್ದೆ ಅಲ್ವಾ, ಅಪ್ಪಯ್ಯ?" ಎಂದ. ಚೆನ್ನಾಗಿಯೇ ಒದ್ದಿದ್ದ. ಆರಿಸಬೇಕಿತ್ತೆಂದು ನಾವು ವಾದಿಸುವುದಿಲ್ಲ. ತಂದೆಯ ಕಣ್ಣಿಗೆ ನ್ಯಾಯವಿರುವುದಿಲ್ಲ. ಆದರೆ ಹುಡುಗನನ್ನು ಅವನ ಜಾಗದಲ್ಲಿ ನಿಲ್ಲಿಸಿ ನೋಡುವಷ್ಟು ವ್ಯವಧಾನ ಇರಬೇಕಿತ್ತು.

2025ರ ಮಾರ್ಚ್ 29ರಂದು ಕಂಠೀರವದಲ್ಲಿ ಮುಂಬಯಿಯ ಮೇಲೆ ಬೆಂಗಳೂರು ಐದು ಗೋಲು ಹೊಡೆಯಿತು. ನಾಲ್ಕನೆಯದು ಛೇಟ್ರಿಯದು, ಐದನೆಯದು ಪೆರೇರಾ ದಿಯಾಸನದು. ನಾವೇ ಸಾಕಿ ಕಳಿಸಿದವರು! ಅಂದು ನಾವು ಕಡುನೀಲಿಯ ಪಕ್ಷದಿಂದ ಚಪ್ಪಾಳೆ ತಟ್ಟಲು ಹೋಗಿ, ಎರಡನೆಯ ಗೋಲಿಗೇ ಕೈ ಕೆಳಗಿಟ್ಟೆವು. ಮಗ ನಮ್ಮ ಕಡೆ ನೋಡಿ, "ಪರವಾಗಿಲ್ಲ, ತಟ್ಟಿ" ಎಂದ. ತಟ್ಟಲಾಗಲಿಲ್ಲ.

ಆ ವರ್ಷ ಹೊಸ ಲೀಗಿನ ಆಟವೇ ಇಲ್ಲದೆ ಹೋಯಿತು. ಲೀಗನ್ನು ನಡೆಸುವ ಒಪ್ಪಂದದ ತಕರಾರಿನಿಂದ ಸೂಪರ್ ಲೀಗ್ ಆರಂಭವಾಗಲಿಲ್ಲ. ಡಿಸೆಂಬರಿನಲ್ಲಿ ಸಿಟಿ ಫುಟ್‌ಬಾಲ್ ಗ್ರೂಪ್ ತನ್ನ ಪಾಲನ್ನು ಬಿಟ್ಟುಕೊಟ್ಟು ಹೊರಟುಹೋಯಿತು. ತಂಡ ಮೊದಲಿನ ಒಡೆಯರ ಕೈಗೆ ಮರಳಿತು. ಆರು ವರ್ಷದಲ್ಲಿ ಎರಡು ಶೀಲ್ಡು, ಎರಡು ಕಪ್ಪು ಕಂಡವರು ಹೋದರೆಂದು ಅಳಬೇಕೋ, ಇನ್ನಾದರೂ ಊರ ಹುಡುಗರ ಕಡೆ ತಿರುಗಿ ನೋಡಿಯಾರೆಂದು ಆಸೆಪಡಬೇಕೋ, ನಮಗೆ ತಿಳಿಯಲಿಲ್ಲ. ಮಹೀಂದ್ರದ ಬಾಗಿಲು ಹಾಕಿದ್ದನ್ನು ಕಂಡವರಿಗೆ ಇಂಥ ಸುದ್ದಿ ಓದುವಾಗ ಕೈ ನಡುಗುತ್ತದೆ.

ಕಡೆಗೆ 2026ರ ಫೆಬ್ರವರಿಯಲ್ಲಿ ಲೀಗ್ ಶುರುವಾಯಿತು. ಅದರ ಹಿಂದಿನ ವಾರ ಮನೆಯಾಕೆ ಕಪಾಟು ಬರಿದು ಮಾಡುತ್ತಿದ್ದಳು. ಒಂಬತ್ತು ವರ್ಷದ ಹುಡುಗನ ಆ ಚಿಕ್ಕ ತಿಳಿನೀಲಿ ಅಂಗಿ ಅಡಿಯಿಂದ ಹೊರಬಂತು. ಪಾತ್ರೆಯವಳಿಗೆ ಕೊಡಲೇ ಎಂದು ಕೇಳಿದಳು. ಬೇಡವೆಂದು ನಾವೂ ಮಗನೂ ಒಟ್ಟಿಗೇ ಕೂಗಿದೆವು.